ಎಣ್ಣೆ ಊರಿನ ಒಣಗಿದ ತಲೆ

ಚಳ್ಳಕೆರೆಯ ನಮ್ಮ ಮಾವನ ಸ್ಪ್ಲೆಂಡರ್ ಮತ್ತೆ ಹೊಗೆ ಬಿಡುತ್ತಿದೆ. ಅಂಗಳದಲ್ಲಿ ಗೋಣಿಚೀಲ ಹಾಸಿ ಎಂಜಿನ್ ಬಿಚ್ಚಿಟ್ಟ ಮಾವ, ಗ್ರೈಂಡಿಂಗ್ ಪೇಸ್ಟ್ ತರಲು ಪೇಟೆಗೆ ಹೋದರು. ಪೆಟ್ರೋಲ್ ಸ್ನಾನ ಮುಗಿಸಿ ಕೂತಿದ್ದ ಸಿಲಿಂಡರ್ ಹೆಡ್ ಮಾತಿಗೆ ಸಿಕ್ಕಿತು.

ನಾನು: ನಿಮ್ಮ ಪರಿಚಯ?

ಹೆಡ್: ಅಲ್ಯೂಮಿನಿಯಂ ಜಾತಿ. 1994ರಲ್ಲಿ ಶುರುವಾದ ವಂಶ, 97.2 ಸಿಸಿ.

ನಾನು: ಕಾಯಿಲೆ?

ಹೆಡ್: ಹೊಗೆ ನೋಡಿ ಹೇಳಬೇಕು ಕಣಪ್ಪ. ಬೆಳಿಗ್ಗೆ ಮೊದಲ ಕಿಕ್ಕಿಗೆ ಬುಸ್ಸಂತ ನೀಲಿ ಹೊಗೆ ಬಂದು ನಿಂತ್ರೆ ತಪ್ಪು ನಂದು, ವಾಲ್ವ್ ಸೀಲ್ ಹೋಗೈತೆ. ರೇಸ್ ಕೊಟ್ಟಷ್ಟೂ ಬಂದ್ರೆ ಪಿಸ್ಟನ್ ರಿಂಗು. ವಾಲ್ವ್ ಗೈಡಿನಲ್ಲಿ ಲೊಟಲೊಟ ಅಲ್ಲಾಡಿದ್ರೆ ಲೇತ್ ಅಂಗಡಿಯೇ ಗತಿ. ಸೀಲು, ಸೀಟು ಮನೇಲೇ ಆಗ್ತವೆ. ಈ ಓಣಿಯೋರು ಮಾತ್ರ ಎಲ್ಲದಕ್ಕೂ ‘ಬೋರ್ ಹೋಗೈತೆ’ ಅಂತಾರೆ.

ನಾನು: ಬೋರ್ ಅಂದ್ರಲ್ಲ, ನಮ್ಮ ಹೊಲದ್ದೂ ಹೋಯ್ತು. ಭದ್ರಾ ನೀರು ಬಂದಿದ್ರೆ...

ಹೆಡ್: ನೀರು ಆಮೇಲೆ. ನಂದು ಎಣ್ಣೆ ಗೋಳು. ಶೇಂಗಾ ಮಿಲ್ಲುಗಳಿಂದ ಈ ಚಳ್ಳಕೆರೆ ಎಣ್ಣೆ ಊರು ಅನ್ನಿಸ್ಕೊಂತು, ಎರಡನೇ ಬೊಂಬಾಯಿ ಅಂತಲೂ ಮೆರೀತು. ನನಗೆ? ತಳದಲ್ಲಿರೋ ಆಯಿಲನ್ನ ಪಂಪು ಮೇಲಕ್ಕೆ ತಳ್ಳಬೇಕು. ಕಡಿಮೆಯಾದ್ರೆ ಮೊದಲು ಒಣಗೋದು ನಾನು. ಕ್ಯಾಮ್ ಸವೀತದೆ, ರಾಕರ್ ಟಕಟಕ ಅಂತದೆ.

ನಾನು: ಅಂದ್ರೆ ನೀವು ಕಾಲುವೆಯ ಕೊನೆಯೋರು! ಭದ್ರಾ ಮೇಲ್ದಂಡೆ ಯೋಜನೆಯಲ್ಲೂ ಹಿಂಗೇ ನೀರು ಮೇಲಕ್ಕೆತ್ತಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದ್ರಲ್ಲ, ಆ ದುಡ್ಡು...

ಹೆಡ್: ಸಂದರ್ಶನಕ್ಕೆ ಬಂದ್ರೋ, ಧರಣಿಗೋ?

ನಾನು: ಸರಿ. ಕಾರ್ಬೊರೇಟರ್ ಬಗ್ಗೆ ಏನಂತೀರಿ?

ಹೆಡ್: ಅವರ ಮನೆ ಸುದ್ದಿ ನನಗ್ಯಾಕೆ? ಎಣ್ಣೆ ಅಂದೆ.

ನಾನು: ನಿಮಗೆ ಹಾಕದ ಎಣ್ಣೆ ಮಾವ ಸಂಜೆ ತಾವೇ ಹಾಕ್ತಾರೋ ಏನೋ!

ಹೆಡ್: ಆ ಮಾತು ಬೇಡ. ಯಜಮಾನ ಕುಡಿಯೋನಲ್ಲ. ಹೂ ಬಿಡೋ ಹೊತ್ತಿಗೆ ಮಳೆ ಕೈಕೊಡ್ತು, ಶೇಂಗಾ ಕಾಯಿ ಕಟ್ಟಲಿಲ್ಲ. ಬೀಜದ ಸಾಲ ಹಂಗೇ ಐತೆ. ಆಯಿಲ್ ಬದಲಿಸೋದನ್ನ ತಿಂಗಳಿಂದ ತಿಂಗಳಿಗೆ ತಳ್ಳಿದ. ಈ ಗಾಡಿ ನಿಂತ ದಿನ ಅವನ ಕೂಲಿನೂ ಇಲ್ಲ. ಷೆಡ್ಡಿಗೆ ಹೋದ್ರೆ ಹೊಸ ಹೆಡ್ಡೇ ಹಾಕ್ಸಿ ಅಂತಾರೆ. ಯಾವ ದುಡ್ಡಲ್ಲಿ? ಗೋಣಿಚೀಲ ಹಾಸ್ಕೊಂಡು ಕೂತಿರೋದು ಶೋಕಿಗಲ್ಲ.

ನಾನು ಪೆನ್ನು ಮುಚ್ಚಿದೆ.

ಮಾವ ಬಂದರು. ವಾಲ್ವಿನ ಅಂಚಿಗೆ ಪೇಸ್ಟ್ ಹಚ್ಚಿ, ಆ ಕಡೆ ಈ ಕಡೆ ತಿರುಗಿಸಿ ಉಜ್ಜಿದರು. ಒರೆಸಿ, ಸ್ಪ್ರಿಂಗ್ ಕೂರಿಸಿ, ಪೋರ್ಟಿಗೆ ಪೆಟ್ರೋಲ್ ಸುರಿದರು. ಎಕ್ಸಾಸ್ಟ್ ಕಡೆ ಒಂದು ಹನಿ ಜಿನುಗಿತು. ಮತ್ತೆ ಬಿಚ್ಚಿದರು.

“ಆಯಿಲ್ ತಂದ್ರಾ ಮಾವ?”

“ಸಂತೆ ದಿನ ನೋಡಾನ ಬಿಡಪ್ಪ.”