ಕೆಪ್ಪ ಜೋಗಕ್ಕೆ ಕುರುಡು ಯಾತ್ರೆ

ಬೇಸಿಗೆಯಲ್ಲಿ ಜೋಗ ನೋಡಲು ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. 253 ಮೀಟರ್ ಬಂಡೆ, ಅದಕ್ಕೆ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಹೆಸರು. ನೀರು ಮಾತ್ರ 1964ರಿಂದ ಲಿಂಗನಮಕ್ಕಿಯಲ್ಲಿ ತಡೆದು ನಿಂತು, ಕರೆಂಟಾಗಿ ನಮ್ಮ ಮನೆಯ ಮಿಕ್ಸಿ ತಿರುಗಿಸುತ್ತಿದೆ. "ಜಲಪಾತ ಅಂತ ನೋಡುವುದಿದ್ದರೆ ಅಣೆಕಟ್ಟಿಲ್ಲದ ಹೊಳೆಯದ್ದು, ಅದೂ ಆಷಾಢದಲ್ಲಿ" ಎಂಬ ನನ್ನ ಸಿದ್ಧಾಂತವನ್ನು ಸಿದ್ದಾಪುರ ತಾಲೂಕಿನ ಮಾವನ ಮನೆಯಲ್ಲಿ ಮಂಡಿಸಿದೆ. (ಆಷಾಢದಲ್ಲಿ ಅಳಿಯ ಬರಬಾರದೆಂಬ ನೇಮ ಹೊಸ ಅಳಿಯಂದಿರಿಗೆ ಮಾತ್ರವಂತೆ. ಹಿರಿಯರು ಅಷ್ಟಕ್ಕೇ ಯಾಕೆ ನಿಲ್ಲಿಸಿದರೋ.) ಅಲ್ಲಿ ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಯಿದೆ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಊರವರ ಬಾಯಲ್ಲಿ ಅದು ಕೆಪ್ಪ ಜೋಗ.

"ಈಗ ಎಂತದೂ ಕಾಣ್ತಿಲ್ಲೆ ಭಾವ" ಎಂದ ಭಾವಮೈದ. ಸ್ಥಳೀಯರಿಗೆ ತಮ್ಮೂರಿನ ಬೆಲೆ ಗೊತ್ತಿರುವುದಿಲ್ಲ ಎಂದುಕೊಂಡೆ.

ನಾನು ಟ್ರೆಕ್ಕಿಂಗ್ ಶೂ, ಮೊಣಕಾಲುದ್ದದ ಸಾಕ್ಸ್, ಜಿಪ್ಪುಗಳೇ ತುಂಬಿದ ರೇನ್‌ಕೋಟ್ ತೊಟ್ಟು ಹೊರಟೆ. ಭಾವಮೈದನದು ಹವಾಯಿ ಚಪ್ಪಲಿ, ಕಂಬಳಿ ಕೊಪ್ಪೆ, ಸೊಂಟದಲ್ಲೊಂದು ಸುಣ್ಣದ ಡಬ್ಬಿ. ದಾರಿಯ ಒದ್ದೆ ತರಗೆಲೆಗಳ ಮೇಲೆ ಉಂಬಳಗಳು ಬಾಲ ಊರಿ, ಮೂತಿ ಎತ್ತಿ ಗಾಳಿಯಲ್ಲಿ ತಡಕಾಡುತ್ತಿದ್ದವು. ಅವನ ಬರಿಗಾಲಿಗೆ ಹತ್ತಿದ್ದು ಕಣ್ಣಿಗೆ ಕಾಣುತ್ತಿತ್ತು. ಬೆರಳಲ್ಲಿ ಚಿಟಿಕೆ ಸುಣ್ಣ, ಅಲ್ಲಿಗೆ ಮುಗಿಯಿತು. ನನ್ನ ಸಾಕ್ಸಿನ ಹೆಣಿಗೆಯ ಸಂದಿಯಲ್ಲಿ ನುಸುಳಿದವು ಒಳಗೆ ಯಾರ ಕಾಟವೂ ಇಲ್ಲದೆ ಊಟಕ್ಕೆ ಕೂತಿದ್ದವು. ಅಷ್ಟು ಹೊತ್ತೂ ನಾನು ಹೆಂಡತಿಗೆ, "ಉಂಬಳದ ಜೊಲ್ಲಿನಲ್ಲಿ ಒಂದು ಪ್ರೋಟೀನ್ ಇರುತ್ತೆ, ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ಕಚ್ಚಿದ್ದೂ ಗೊತ್ತಾಗಲ್ಲ" ಎಂದು ಪಾಠ ಮಾಡುತ್ತಿದ್ದೆ. ನನಗೂ ಗೊತ್ತಾಗಿರಲಿಲ್ಲ.

ನೋಟದ ಕಟ್ಟೆ ತಲುಪಿದಾಗ ಎದುರಿಗೆ ಮಂಜು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬರೀ ಬಿಳಿ. ಅದರೊಳಗಿಂದ ಕಟ್ಟೆಯ ಕಂಬಿ ನಡುಗುವಂಥ ಸದ್ದು. ಹೆಂಡತಿ ಏನೋ ಕೂಗಿದಳು. "ಊಟ ಮನೆಗೆ ಹೋಗಿಯೇ" ಎಂದು ನಾನೂ ಕೂಗಿದೆ. ಅವಳು ಕೇಳಿದ್ದು ಜಲಪಾತ ಎಲ್ಲಿ ಎಂದಂತೆ. ಗೊತ್ತಾದ ಮೇಲೆ ಗಂಡಸಿನ ಧೈರ್ಯದಿಂದ ಬಲಕ್ಕೆ ಕೈತೋರಿಸಿದೆ. ಅಲ್ಲಿದ್ದ ಎರಡು ಸಂಸಾರಗಳೂ ನನ್ನ ಮಾತು ನಂಬಿ ಬಲಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡವು.

ಅಷ್ಟರಲ್ಲಿ ಶೂ ಒಳಗೆ ಪಚಪಚ ಎನ್ನತೊಡಗಿತು. ಬಗ್ಗಿ ಸಾಕ್ಸ್ ಬಿಚ್ಚುತ್ತಿದ್ದಾಗ ತಲೆಯ ಮೇಲೆ ಎಲ್ಲರೂ ಒಟ್ಟಿಗೆ "ಓಹೋ" ಎಂದರು. ಎದ್ದು ನೋಡುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತ್ತು. ಜಲಪಾತ ಎಡಕ್ಕಿತ್ತಂತೆ.

ಸಂಜೆ ಮಾವನ ಮನೆಯ ಜಗುಲಿಯಲ್ಲಿ ಬಿಸಿ ಕಷಾಯ ಹಿಡಿದು, ನೀರು ಹೇಗೆ ಬಂಡೆಯಿಂದ ಬಂಡೆಗೆ ಬಿದ್ದು ಹೊಗೆಯೇಳುತ್ತದೆ ಎಂದು ಅತ್ತೆಗೆ ವಿವರಿಸಿದೆ. ಭಾವಮೈದ ಅಡಿಕೆ ಕತ್ತರಿಸುತ್ತ ಸುಮ್ಮನಿದ್ದ, ಪುಣ್ಯಾತ್ಮ. ಅತ್ತೆ ಮಾತ್ರ ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಇಷ್ಟು ಶ್ರದ್ಧೆಯ ಕೇಳುಗರು ನನಗೆ ಎಂದೂ ಸಿಕ್ಕಿರಲಿಲ್ಲ. ವರ್ಣನೆಗೆ ಕಾಮನಬಿಲ್ಲನ್ನೂ ಸೇರಿಸಿದೆ. ಆಗ ಅವರು ಒಳಗೆ ತಿರುಗಿ ಮಗಳನ್ನು ಕೂಗಿದರು:

"ತಂಗೀ, ಚೂರು ಉಪ್ಪು ತಗಂಬಾ. ಅಳಿಯನ ಕಿವಿ ಹಿಂದೆ ಒಂದು ಕೂತಿದ್ದು."