ಓಡುವ ರೊಟ್ಟಿ

ಪುಸ್ತಕ ಕೊಳ್ಳುವಾಗ ಮೊದಲು ಕೈಯಲ್ಲಿ ಹಿಡಿದು ತೂಕ ನೋಡಬೇಕು. ಗಣಿತದ ಮಾಸ್ತರನಾಗಿ ಇದು ನಾನು ನಿವೃತ್ತಿಯವರೆಗೂ ಪಾಲಿಸಿದ ಸಿದ್ಧಾಂತ. ತೂಕವಿದ್ದರೆ ವಿಷಯವಿದೆ. ವಿಷಯವಿಲ್ಲದಿದ್ದರೂ ಮಧ್ಯಾಹ್ನ ತಲೆದಿಂಬಿಗಾದರೂ ಆದೀತು. ಈ ಸಿದ್ಧಾಂತವನ್ನು ಬಗಲಲ್ಲಿ ಇಟ್ಟುಕೊಂಡೇ ವೆಬ್‌ಸೈಟ್ ಮಾಡುವುದನ್ನು ಕಲಿಸುವ ಪುಸ್ತಕ ತರಲು ವಿಜಯಪುರದ ಬಸ್ಸು ಹತ್ತಿದೆ.

ಕಾರಣ ರೊಟ್ಟಿ. ನಮ್ಮ ಮನೆಯಾಕೆ ಮತ್ತು ಓಣಿಯ ಹೆಣ್ಣುಮಕ್ಕಳು ಸಂಘ ಮಾಡಿಕೊಂಡು ಬಿಳಿಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತಾರೆ. ಅವರಿಗೊಂದು ವೆಬ್‌ಸೈಟ್ ಬೇಕಾಯಿತು. ಪೇಟೆಯವರೊಬ್ಬರು ಹೇಳಿದ ರೇಟು ಕೇಳಿ, "ಇಷ್ಟಕ್ಕೂ ರೊಕ್ಕ ಕೊಡೂದೇನು, ನಾನೇ ಕಲ್ತು ಮಾಡ್ತೀನಿ" ಅಂದುಬಿಟ್ಟೆ. ಮಸೂತಿ ಊರಿನವನಿಗೆ ಈ ಧೈರ್ಯ ಸಹಜ. ಮುಳವಾಡ ಏತ ನೀರಾವರಿಗಾಗಿ ಕೃಷ್ಣೆಯ ನೀರನ್ನು ಎತ್ತಿ ಮೇಲೆ ಕಳಿಸುವ ಪಂಪ್‌ಹೌಸ್ ನಮ್ಮೂರಲ್ಲಿದೆ. ಹತ್ತಿರದ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದೆ. ಇಂಥ ಯಂತ್ರಗಳ ನಡುವೆ ಬದುಕುವವನಿಗೆ ಒಂದು ವೆಬ್ ಪುಟ ಯಾವ ಲೆಕ್ಕ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗ, "ಕಾಕಾ, ಈಗ ಯಾರ ಪುಸ್ತಕ ಓದ್ತಾರ? ಯೂಟ್ಯೂಬ್ ನೋಡ್ರಿ" ಅಂದ. ನೋಡಿದೆ. ಅಲ್ಲಿ ಮಾತಾಡುವವನು ತಾನು ಮುಂದೆ ಏನು ಹೇಳಲಿದ್ದೇನೆ ಎಂಬುದನ್ನೇ ಅರ್ಧ ತಾಸು ಹೇಳುತ್ತಾನೆ. ನಮಗೆ ಪುಟ ಬೇಕು, ಪುಟದ ಅಂಚಿನಲ್ಲಿ ಪೆನ್ಸಿಲ್ ಬೇಕು.

ಪುಸ್ತಕದ ಅಂಗಡಿಯವನು ಕೇಳಿದ ಮೊದಲ ಪ್ರಶ್ನೆ, "ಯಾವ ಸೆಮ್ ರೀ ಸರ್?"

"ಸೆಮ್ ಇಲ್ಲ."

"ಹಂಗಾರ ಡಿಪ್ಲೊಮಾ ಏನು? ಮಗಗೋ, ಮೊಮ್ಮಗಗೋ?"

"ನನಗ. ರೊಟ್ಟಿ ಮಾರಾಕ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಡಿಗಿ ಪುಸ್ತಕ ಆ ಕಡಿ ಅದಾವ್ರಿ" ಅಂದ.

ಕೊನೆಗೆ ಕಂಪ್ಯೂಟರ್ ಕಪಾಟು ತೋರಿಸಿದ. ಒಂದು ಸಾಲಿನ ಪುಸ್ತಕಗಳು 21 ದಿನಗಳಲ್ಲಿ ಕಲಿಸುತ್ತವಂತೆ, ಇನ್ನೊಂದು ಸಾಲಿನವು 24 ಗಂಟೆಗಳಲ್ಲಿ. ಈ ಅವಸರಕ್ಕೆ ರೇಗಿಯೇ ಪೀಟರ್ ನಾರ್ವಿಗ್ ಎಂಬ ಕಂಪ್ಯೂಟರ್ ವಿಜ್ಞಾನಿ, ಪ್ರೋಗ್ರಾಮಿಂಗನ್ನು ಹತ್ತು ವರ್ಷಗಳಲ್ಲಿ ಕಲಿಯಿರಿ ಎಂದು ಪ್ರಬಂಧ ಬರೆದ. ನನ್ನ ವಯಸ್ಸಿಗೆ 24 ಗಂಟೆ ಸಾಲದು, ಹತ್ತು ವರ್ಷ ಹೆಚ್ಚಾಯಿತು. ಓರೈಲಿ ಎಂಬ ಪ್ರಕಾಶನದವರು ಮುಖಪುಟದ ಮೇಲೆ ಪ್ರಾಣಿಗಳನ್ನು ಹಾಕುತ್ತಾರೆ. ಅವರಲ್ಲಿ ಜಾವಾಸ್ಕ್ರಿಪ್ಟ್ ಎಂಬ ವೆಬ್ ಭಾಷೆಗೆ ಒಲಿದದ್ದು ಘೇಂಡಾಮೃಗ. ಡೇವಿಡ್ ಫ್ಲ್ಯಾನಗನ್ ಬರೆದ ಆ ಪುಸ್ತಕದ ಆರನೇ ಆವೃತ್ತಿ ಸಾವಿರ ಪುಟ ದಾಟಿದೆ. ಬ್ರೆಂಡನ್ ಐಕ್ ಎಂಬವನು 1995ರಲ್ಲಿ ಬರೀ ಹತ್ತು ದಿನದಲ್ಲಿ ಹೊಸೆದ ಭಾಷೆ ಅದು. ಹತ್ತು ದಿನದ ಕೂಸಿಗೆ ಸಾವಿರ ಪುಟದ ಜಾತಕ! ತೂಕದ ಸಿದ್ಧಾಂತದ ಪ್ರಕಾರ ಅದನ್ನೇ ಕೊಳ್ಳಬೇಕಿತ್ತು. ಬೆಲೆ ನೋಡಿ ಘೇಂಡಾಮೃಗವನ್ನು ಇದ್ದಲ್ಲೇ ಬಿಟ್ಟು, ಹೊರಗೆ ರಸ್ತೆಬದಿಯ ಹಳೇ ಪುಸ್ತಕಗಳ ರಾಶಿಗೆ ಬಂದೆ. ಅಲ್ಲಿ ಅದರಷ್ಟೇ ದಪ್ಪನೆಯದು, ಊಟದ ಬೆಲೆಗೆ, ಹಿಂದಿನ ರಟ್ಟಿಗೆ ಸಿ.ಡಿ. ಸಮೇತ ಸಿಕ್ಕಿತು. ಹೆಸರು ಹೇಳುವುದಿಲ್ಲ. ಬರೆದಾತ ಎಲ್ಲಿದ್ದರೂ ಸುಖವಾಗಿರಲಿ.

ನಮ್ಮ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕಲು ಜಾಗವಿಲ್ಲ. ಮನೆಯಾಕೆ ಅದಕ್ಕೆ ದಾರ ಪೋಣಿಸಿ ದಾಳಿಂಬೆ ಗಿಡಕ್ಕೆ ಕಟ್ಟಿದಳು. ಹಕ್ಕಿ ಬರುವುದು ಕಡಿಮೆಯಾಯಿತು. ಆ ಪುಸ್ತಕದಿಂದ ಮನೆಗೆ ಆದ ಮೊದಲ ಉಪಯೋಗ ಇದು.

ಪುಸ್ತಕದಲ್ಲಿ ಇದ್ದ ಹಾಗೆಯೇ ಟೈಪು ಮಾಡಿ, ನಡುವೆ ಕನ್ನಡದಲ್ಲಿ 'ರೊಟ್ಟಿ' ಎಂದು ಸೇರಿಸಿ ತೆರೆದೆ. ತಲೆಯ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷ್ 'ಎ'ಗಳ ದಂಡು ಬಂತು. ಅವುಗಳ ಹೆಗಲ ಮೇಲೆ ಒಮ್ಮೆ ವರ್ಗದ ಎರಡು, ಒಮ್ಮೆ ಘನದ ಮೂರು, ಮೊದಲ 'ಎ'ಯ ಬೆನ್ನಿಗೆ ಡಿಗ್ರಿಯ ಸೊನ್ನೆ. ಗಣಿತದ ಮಾಸ್ತರ ಅಂತ ಕಂಪ್ಯೂಟರಿಗೂ ಗೊತ್ತಾಯಿತೇ ಎಂದು ಕ್ಷಣಕಾಲ ಹಿಗ್ಗಿದೆ. ರೊಟ್ಟಿ ಬಿಸಿ ಇದೆ ಎನ್ನಲು ಡಿಗ್ರಿ ಹಾಕಿರಬೇಕು ಎಂದು ಮನೆಯಾಕೆಗೆ ವಿವರಿಸಿಯೂ ಬಿಟ್ಟೆ. ಸಂಗತಿ ಏನೆಂದರೆ, ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಗುರುತು ಮೂರು ಬೈಟುಗಳ ಜಾಗ ಹಿಡಿಯುತ್ತದೆ. ಪುಟದ ಮೇಲ್ಭಾಗದಲ್ಲಿ ಇದು ಯುಟಿಎಫ್-8 ಎಂದು ಒಂದು ಸಾಲು ಬರೆಯದಿದ್ದರೆ ಬ್ರೌಸರು ಆ ಮೂರನ್ನೂ ಬಿಡಿಬಿಡಿಯಾಗಿ ಯೂರೋಪಿನ ಅಕ್ಷರಗಳೆಂದು ಓದಿಬಿಡಬಹುದು. ನನ್ನ ದಪ್ಪ ಪುಸ್ತಕದಲ್ಲಿ ಆ ಸಾಲೇ ಇರಲಿಲ್ಲ. ಅದನ್ನು ಬರೆದ ಕಾಲಕ್ಕೆ ಯಾರಾದರೂ ವೆಬ್ಬಿನಲ್ಲಿ ಕನ್ನಡದ ರೊಟ್ಟಿ ಮಾರಿಯಾರು ಎಂದು ಲೇಖಕನಿಗೆ ಹೊಳೆದಿರಲಿಕ್ಕಿಲ್ಲ. ಅಣ್ಣನ ಮಗ ಫೋನಿನಲ್ಲಿ ಆ ಸಾಲು ಬರೆಸಿದ. ರೊಟ್ಟಿ ರೊಟ್ಟಿಯಾಯಿತು.

ಆಮೇಲೆ ಸಿಕ್ಕಿದ್ದು ಮಾರ್ಕ್ವೀ.

ಮಾರ್ಕ್ವೀ ಎಂಬ ಟ್ಯಾಗಿನ ನಡುವೆ ಏನೇ ಬರೆದರೂ ಅದು ಪರದೆಯ ಬಲಗಡೆಯಿಂದ ಎಡಕ್ಕೆ ಓಡುತ್ತದೆ. ತೊಂಬತ್ತರ ದಶಕದಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆಂದು ಹುಟ್ಟಿಸಿದ್ದು. ನನ್ನ ಪುಸ್ತಕ ಇದಕ್ಕೆ ಪುಟಗಟ್ಟಲೆ ಮೀಸಲಿಟ್ಟಿತ್ತು. 'ಬಿಳಿಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ' ಎಂದು ಬರೆದು ಓಡಿಸಿದೆ. ಓಡಿತು! ಬದುಕಿನಲ್ಲಿ ನಾನು ಬರೆದ ಅಕ್ಷರ ಎದ್ದು ಓಡಿದ್ದು ಅದೇ ಮೊದಲು. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ತಂದೆ. ಓಣಿ ಕೂಡಿತು.

ಹಿಂದಿನ ಮನೆಯ ಮುತ್ಯಾ ಕನ್ನಡಕ ಏರಿಸಿ ಓದತೊಡಗಿದ. ಅಕ್ಷರ ಕೂಡಿಸಿ ಓದುವ ಕಾಲದವನು. "ಬಿ... ಳಿ... ಜೋ..." ಎನ್ನುವಷ್ಟರಲ್ಲಿ ಜೋಳ ಎಡಗಡೆ ಮುಳುಗಿತು.

"ಎಲ್ಲಿ ಹೋತು?"

"ಎಡಕ್ಕ ಹೋತು ಮುತ್ಯಾ."

"ಎಡಕ್ಕ ಏನದ?"

"ಏನಿಲ್ಲ."

"ಏನೂ ಇಲ್ಲದಲ್ಲಿ ಯಾಕ ಹೋಗ್ತದೋ ಅದು?"

ಉತ್ತರ ಹೊಳೆಯಲಿಲ್ಲ. ಮುತ್ಯಾ ಬಗ್ಗಿ ಲ್ಯಾಪ್‌ಟಾಪಿನ ಎಡ ಮಗ್ಗುಲು ನೋಡಿದ. ಅಲ್ಲಿ ಚಾರ್ಜರಿನ ತೂತು ಕಂಡಿತು. "ಇದರಾಗಿಂದ ಹೊರಗ ಬೀಳ್ತದೇನು?" ಎಂದು ತೂತಿನ ಕೆಳಗೆ ಅಂಗೈ ಹಿಡಿದ. ಹುಡುಗರು ಬಿದ್ದು ಬಿದ್ದು ನಕ್ಕರು. ಮುತ್ಯಾ ನಗಲಿಲ್ಲ. "ತಡಿ ಅನ್ನು ಅದಕ. ಓದೂತನಕ ಓಡಬ್ಯಾಡ ಅನ್ನು" ಎಂದ.

ತಡಿ ಅನ್ನಲು ಬರುತ್ತಿತ್ತು. ಪುಸ್ತಕದ ಪ್ರಕಾರ ಅದು ಒಂದು ಹೆಜ್ಜೆಗೆ 6 ಪಿಕ್ಸೆಲ್ ದಾಟುತ್ತದೆ. ಎರಡು ಹೆಜ್ಜೆಗಳ ನಡುವೆ 85 ಮಿಲಿಸೆಕೆಂಡು ನಿಲ್ಲುತ್ತದೆ. ಆರನ್ನು ಒಂದಕ್ಕೆ ಇಳಿಸಿದೆ. ರೊಟ್ಟಿ ತೆವಳತೊಡಗಿತು. ಮುತ್ಯಾ 'ಖಡಕ್' ಮುಗಿಸುವ ಹೊತ್ತಿಗೆ ಜೊಂಪು ಹತ್ತಿ ತಲೆ ಕೆಳಗೆ ಹಾಕಿದ. ಎಬ್ಬಿಸಿ ದಿಕ್ಕು ಬದಲಿಸಿದೆ. ಈಗ ಎಡದಿಂದ ಬಲಕ್ಕೆ ಬರುವುದರಿಂದ ಸಾಲಿನ ಬಾಲವೇ ಮೊದಲು ಕಂಡಿತು. ಹಿಂಡಿ ಮುಂದೆ, ಶೇಂಗಾ ಹಿಂದೆ, ರೊಟ್ಟಿ ಕಟ್ಟಕಡೆಗೆ. "ಉಣ್ಣೂದು ಹಂಗಲ್ಲೋ ಮಾಸ್ತರ" ಎಂದು ಮುತ್ಯಾ ತಿದ್ದಿದ. ಇನ್ನೊಂದು ಬಗೆಯಿತ್ತು, 'ಆಲ್ಟರ್ನೇಟ್' ಅಂತ. ಅದರಲ್ಲಿ ಸಾಲು ಪರದೆಯ ಒಂದು ಅಂಚಿಗೆ ಬಡಿದು ತಿರುಗಿ ಇನ್ನೊಂದು ಅಂಚಿಗೆ ಹೋಗುತ್ತದೆ. ಹಾಕಿದೆ. ಓಣಿ ಉಸಿರು ಹಿಡಿದು ನೋಡಿತು. ರೊಟ್ಟಿ ಎಡ ಗೋಡೆಗೆ ಬಡಿಯಿತು, ಬಲ ಗೋಡೆಗೆ ಬಡಿಯಿತು, ಮತ್ತೆ ಎಡ ಗೋಡೆಗೆ.

"ಏ ಮಾಸ್ತರ, ಸಾವಕಾಶ!" ಮುತ್ಯಾ ಗಾಬರಿಯಿಂದ ಕೈ ಅಡ್ಡ ಹಿಡಿದ. "ಖಡಕ್ ಅಂತ ಬರದೀದಿ. ಒಡೀತದ!"

ಮನೆಯಾಕೆ ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ್ರೀ, ನಾವು ರೊಟ್ಟಿ ಬಡದು ಸಾಕಾಗಿ ಕುಂತೀವಿ, ನೀವು ಇನ್ನೂ ಗ್ವಾಡಿಗಿ ಬಡಿಯಾಕತ್ತೀರಿ. ಅದು ಒಂದ್ ಕಡಿ ನಿಂದ್ರಲಿ. ಓಡೂ ರೊಟ್ಟಿ ಯಾರ ತಗೋತಾರ?"

ನಿಲ್ಲಿಸಲಿಕ್ಕೂ ಪುಸ್ತಕದಲ್ಲಿ ಉಪಾಯವಿತ್ತು, 'ಸ್ಲೈಡ್' ಅಂತ. ಓಡಿ ಬಂದು ನಿಲ್ಲುವುದು. ನಿಲ್ಲುವುದೇ ಆದರೆ ಓಡಿ ಯಾಕೆ ಬರಬೇಕು ಎಂದು ಆಕೆ ಕೇಳುವ ಮೊದಲೇ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ತೀರಿಕೊಂಡಿತ್ತು, ಪರದೆಯೂ ಕಪ್ಪಾಯಿತು. ಒಡೆಯಿತು ಎಂದ ಮುತ್ಯಾ.

ವಿಡಿಯೋ ಕರೆಯಲ್ಲಿ ಇದನ್ನೆಲ್ಲ ತೋರಿಸಿದಾಗ ಅಣ್ಣನ ಮಗ ಹಣೆ ಹಿಡಿದುಕೊಂಡ. "ಕಾಕಾ, ಮಾರ್ಕ್ವೀ ಸತ್ತು ಎಷ್ಟೋ ವರ್ಷ ಆತು." ನಿಜ. 2014ರಲ್ಲಿ ಅಂತಿಮವಾದ ಎಚ್‌ಟಿಎಂಎಲ್5 ಎಂಬ ವೆಬ್ ಪುಟಗಳ ನಿಯಮಾವಳಿ ಅದನ್ನು ಬಳಸಬಾರದವುಗಳ ಪಟ್ಟಿಗೆ ಹಾಕಿದೆ. ಅದರ ಜೊತೆಗಾರ, ಅಕ್ಷರ ಮಿಟುಕಿಸುವ 'ಬ್ಲಿಂಕ್' ಅನ್ನು ಫೈರ್‌ಫಾಕ್ಸ್ 2013ರಲ್ಲೇ ಕಿತ್ತುಹಾಕಿತ್ತು. "ಸತ್ತದ್ದು ಓಡಾಕತ್ತದಲ್ಲೋ!" ಎಂದೆ. ಹಳೆಯ ಪುಟಗಳು ಕೆಡಬಾರದು ಎಂದು ಬ್ರೌಸರಿನವರು ಸತ್ತದ್ದನ್ನೂ ಓಡಿಸುತ್ತಲೇ ಇರುತ್ತಾರಂತೆ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ವೆಬ್‌ಸೈಟು ಇವತ್ತೂ ತೆರೆಯುತ್ತದೆ. ಹಾಗಾಗಿ ಹಳೇ ಪುಸ್ತಕ ಸುಳ್ಳು ಹೇಳುವುದಿಲ್ಲ. ಅದು ಹೇಳಿದ್ದೆಲ್ಲ ನಡೆಯುತ್ತದೆ. ಕಲಿಯುವವನಿಗೆ ಮೋಸವಾಗುವುದೇ ಅದರಿಂದ.

ನನ್ನ ಮಟ್ಟಿಗೆ ಇದು ನಗೆಯಾಗಿಯೇ ಮುಗಿಯುತ್ತಿತ್ತು. ಆದರೆ ಮರುದಿನ ಮುಂದಿನ ಓಣಿಯ ಹುಡುಗಿ ಬಂದಳು. ಬಿ.ಸಿ.ಎ. ಓದುವವಳು.

"ಮಾಸ್ತರ್, ಆ ಪುಸ್ತಕ ಎರಡ್ ದಿನ ಕೊಡ್ರಿ."

"ಯಾಕವ್ವ? ಅದು ಹಳೇದು."

"ಇರ್ಲಿ ಬಿಡ್ರಿ. ಮಾರ್ಕ್ವೀ ಪರೀಕ್ಷಾಕ ಬರ್ತದ. ಐದು ಮಾರ್ಕ್ಸಿಂದು, ಗ್ಯಾರಂಟಿ."

ಆಕೆಯ ರೆಕಾರ್ಡ್ ಬುಕ್ ನೋಡಿದೆ. ಮಾರ್ಕ್ವೀಯ ಎಲ್ಲ ಗುಣಲಕ್ಷಣಗಳನ್ನೂ ಸ್ಕೇಲು ಹಿಡಿದು ಗೆರೆ ಹೊಡೆದು ಚೆಂದಾಗಿ ಬರೆದಿದ್ದಳು. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಳಿಸಿಕೊಂಡದ್ದು. ಇಂಗ್ಲಿಷಿನ ಪ್ರತಿ ಕಷ್ಟದ ಶಬ್ದದ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಕನ್ನಡದ ಅರ್ಥ. ಲ್ಯಾಪ್‌ಟಾಪ್ ತೆರೆದು ನನ್ನ ರೊಟ್ಟಿ ಓಡಿಸಿ ತೋರಿಸಿದೆ. ಹುಡುಗಿ ಕಣ್ಣರಳಿಸಿದಳು. "ಹಿಂಗ ಓಡ್ತದೇನ್ರಿ ಇದು!"

ಬಾಯಿಪಾಠ ಮಾಡಿದ್ದಳು. ಅದು ಓಡುವುದನ್ನು ನೋಡಿರಲಿಲ್ಲ. ಹಿಂದಿನ ಸಂಜೆ ನಾನೂ ಮುತ್ಯಾನೂ ಆಡಿದ ಆಟಕ್ಕೆ ಈಕೆಗೆ ಐದು ಅಂಕ ಕೊಡುತ್ತಾರೆ. ಕೆಲಸ ಕೇಳಿಕೊಂಡು ಹೋದಲ್ಲಿ ಅದರ ಹೆಸರೆತ್ತಿದರೆ ಎದುರಿಗೆ ಕುಳಿತವನು ನಗುತ್ತಾನೆ. ಆ ನಗೆ ಸಿಲಬಸ್ ಮಾಡಿದವರಿಗೆ ಕೇಳಿಸುವುದಿಲ್ಲ. ಪರೀಕ್ಷೆಗಳ ಪ್ರಶ್ನೆಪತ್ರಿಕೆ ತೆಗೆದು ಕೂದಲು ಹಣ್ಣಾದ ಮಾಸ್ತರ ನಾನು, ಹೇಳುತ್ತೇನೆ: ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳುವುದು ಶಿಸ್ತಲ್ಲ, ಸೋಮಾರಿತನ.

ಅಂದಿನಿಂದ ತೂಕದ ಸಿದ್ಧಾಂತ ಕೈಬಿಟ್ಟಿದ್ದೇನೆ. ಕೊಲ್ಹಾರದಲ್ಲಿ ಮೊಸರಿನ ಗಡಿಗೆ ಕೊಳ್ಳುವಾಗ ಯಾರೂ ಗಡಿಗೆಯ ದಪ್ಪ ನೋಡುವುದಿಲ್ಲ, ಎಂದು ಹೆಪ್ಪು ಹಾಕಿದ್ದು ಎಂದು ಕೇಳುತ್ತಾರೆ. ವೆಬ್ಬಿನ ಪುಸ್ತಕಕ್ಕೂ ಅದೇ. ಮೊದಲು ಇಸವಿ ನೋಡಿ. ಇಸವಿ ಹರಿದುಹೋಗಿದ್ದರೆ ಜಾವಾಸ್ಕ್ರಿಪ್ಟಿನ ಅಧ್ಯಾಯ ತೆರೆಯಿರಿ. ಎಲ್ಲೆಲ್ಲೂ 'ವಾರ್' ಇದ್ದು 'ಲೆಟ್', 'ಕಾನ್ಸ್ಟ್' ಎಲ್ಲಿಯೂ ಕಾಣದಿದ್ದರೆ ಅದು ಆ ಭಾಷೆಯ 2015ರ ಸುಧಾರಣೆಗೆ ಮುಂಚಿನದು, ಇಲ್ಲವೇ ಅದನ್ನು ಲೆಕ್ಕಕ್ಕೆ ಹಿಡಿಯದೇ ಬರೆದದ್ದು. ಅಕ್ಷರಕ್ಕೆ ಬಣ್ಣ ಹಚ್ಚಲು 'ಫಾಂಟ್' ಟ್ಯಾಗ್ ಹೇಳಿಕೊಡುವ, ಪುಟವನ್ನು 'ಫ್ರೇಮ್'ಗಳಾಗಿ ಸೀಳುವ ಪುಸ್ತಕವನ್ನು ರಾಶಿಗೇ ಮರಳಿಸಿ. ಮೊದಲ ಉದಾಹರಣೆಯಲ್ಲೇ ಯುಟಿಎಫ್-8 ಸಾಲು ಇರದಿದ್ದರೆ ಕನ್ನಡಿಗರಾದ ನಾವು ಅದನ್ನು ಮುಟ್ಟಲೇಬಾರದು. ಘೇಂಡಾಮೃಗದ ಪುಸ್ತಕವೂ 2020ರ ಏಳನೇ ಆವೃತ್ತಿಯಲ್ಲಿ ನೂರಾರು ಪುಟ ಕರಗಿಸಿಕೊಂಡಿದೆ. ಹಿಂಭಾಗದ ಪರಾಮರ್ಶನ ಪುಟಗಳೆಲ್ಲ ಈಗ ಮೊಜಿಲ್ಲಾದ ಎಂಡಿಎನ್ ತಾಣದಲ್ಲಿ ಪುಕ್ಕಟೆ ಸಿಗುವಾಗ ಕಾಗದ ಯಾಕೆ? ಮರೈನ್ ಹಾವರ್‌ಬೆಕೆಯ 'ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್' ಇಡೀ ಪುಸ್ತಕವೇ ಜಾಲದಲ್ಲಿ ಉಚಿತವಾಗಿದೆ. ನಾಲ್ಕನೇ ಆವೃತ್ತಿ 2024ರದು. ಓದುತ್ತಲೇ ಅದೇ ಪುಟದಲ್ಲಿ ಪ್ರೋಗ್ರಾಮು ಓಡಿಸಿ ನೋಡಬಹುದು. ಅದರ ಮೊದಲ ಅಧ್ಯಾಯಗಳನ್ನು ಬಾಗೇವಾಡಿಯಲ್ಲಿ ಪ್ರಿಂಟ್ ತೆಗೆಸಿ, ಅಂಚಿನಲ್ಲಿ ಪೆನ್ಸಿಲ್ ಆಡಿಸುತ್ತಿದ್ದೇನೆ. ಹುಡುಗಿಗೂ ಒಂದು ಪ್ರತಿ ತೆಗೆಸಿದೆ.

ಸಂಘದ ವೆಬ್‌ಸೈಟು ತಯಾರಾಗಿದೆ. ಒಂದೇ ಪುಟ, ನಿಂತ ರೊಟ್ಟಿಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಫೋನ್ ನಂಬರು. ಗಿರಾಕಿಗಳು ವಾಟ್ಸ್ಯಾಪಿನಲ್ಲೇ ಕೇಳುತ್ತಾರೆ.

ಉಳಿದದ್ದು ಒಂದು ಬಿನ್ನಹ. ಇದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳು ಜನರ ಕೈಗೆ ಸೇರಲಿ ಎಂದು ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತಂದರು. ಬೆಂಗಳೂರಿನಲ್ಲಿ ಕೂತು ಜಗತ್ತಿನ ವೆಬ್‌ಸೈಟು ಕಟ್ಟುವ ನಮ್ಮ ಭಾಗದ ಹುಡುಗ ಹುಡುಗಿಯರೇ, ನಿಮಗೆ ಮನೆ ಮಾರಿ ಎನ್ನುವುದಿಲ್ಲ. ಒಂದಿಷ್ಟು ರವಿವಾರ ಕೊಡಿ. ಕನ್ನಡದಲ್ಲಿ ಇನ್ನೂರು ಪುಟದ ಒಂದು ವೆಬ್ ಪುಸ್ತಕ ಬರೆಯಿರಿ, ಎರಡು ವರ್ಷಕ್ಕೊಮ್ಮೆ ತಿದ್ದಿರಿ. ಮುಖಪುಟಕ್ಕೆ ಘೇಂಡಾಮೃಗ ಬೇಡ, ಖಿಲಾರಿ ಹೋರಿ ಸಾಕು. ಮಾರ್ಕ್ವೀಗೂ ಒಂದು ಪುಟ ಇರಲಿ, ಮುತ್ಯಾ ಕೇಳುತ್ತಾನೆ.