ಸಿರಸಂಗಿ ಸೀಮೆಯ ಶಾಸನಗಳಲ್ಲಿ ಕರ್ನಲ್ ಕಮಿಟ್ ಸಂದೇಶದ ಲಕ್ಷಣ: ಒಂದು ಘನಗಂಭೀರ ಜಿಜ್ಞಾಸೆ

ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ರಚಿಸಿದರೆಂಬುದು ಪಾಶ್ಚಾತ್ಯ ಪಂಡಿತರ ಮತ. ಅದನ್ನು ಸವಿನಯವಾಗಿ ತಳ್ಳಿಹಾಕುತ್ತೇವೆ. ಸವದತ್ತಿಯ ರಟ್ಟ ಅರಸರ ಕಾಲಕ್ಕೇ ಈ ಸೀಮೆಯ ಕಲ್ಲುಗಳ ಮೇಲೆ ಕಮಿಟ್‌ಗಳು, ಅಂದರೆ ಬದಲಾವಣೆಯ ದಾಖಲೆಗಳು, ಬಿದ್ದಿದ್ದವು. ಕಲ್ಲು ಕಂಡರಿಸುವ ವಿಶ್ವಕರ್ಮರ ಆರಾಧ್ಯ ದೇವತೆ ಕಾಳಮ್ಮ ಬೇರೆಲ್ಲೂ ಅಲ್ಲದೆ ಸಿರಸಂಗಿಯಲ್ಲೇ ನೆಲೆಸಿದ್ದಾಳೆ. ಇದಕ್ಕಿಂತ ಪ್ರಬಲ ಪ್ರಮಾಣ ಬೇಕೆನ್ನುವವರೊಡನೆ ನಮಗೆ ವಾದವಿಲ್ಲ.

ದಾನಶಾಸನವನ್ನು ಬಿಡಿಸಿ ನೋಡಿ. ಯಾವ ಅರಸನ ಆಳ್ವಿಕೆ, ಶಕವರ್ಷ, ಸಂವತ್ಸರ, ತಿಥಿ, ವಾರ. ಕೊಟ್ಟವರು ಯಾರು, ಯಾವ ಕಾರ್ಯಕ್ಕೆ, ಎಷ್ಟು ಮತ್ತರು ಭೂಮಿ, ನಾಲ್ಕೂ ದಿಕ್ಕಿನ ಎಲ್ಲೆ. ಎಷ್ಟೋ ಕಲ್ಲುಗಳಲ್ಲಿ ಬರೆದವನ, ಕಂಡರಿಸಿದವನ ಹೆಸರೂ ಉಂಟು. ಲಿನಕ್ಸ್ ಕರ್ನಲ್‌ನವರಿಗೆ ಹೀಗೆ ಹೆಸರು ಹಾಕಿ ಹೊಣೆ ಹೊರುವ ‘ಸೈನ್ಡ್-ಆಫ್-ಬೈ’ ಸಾಲು ಹೊಳೆದದ್ದು 2004ರಲ್ಲಿ. ತಡವಾಯಿತು, ಕ್ಷಮಿಸೋಣ.

ಪೂರ್ವಪಕ್ಷ: ಬದಲಾದದ್ದು ಒಂದೇ ಸಾಲು, ‘ಬಗ್ ಸರಿಮಾಡಿದೆ’ ಅಂದ್ರ ಸಾಲೂದಿಲ್ಲೇನ್ರಿ?

ಸಿದ್ಧಾಂತ: ಸಾಲುವುದಿಲ್ಲ. ಏನು ಬದಲಾಯಿತೆಂದು ಹಳೇ-ಹೊಸ ಸಾಲುಗಳನ್ನು ಹೋಲಿಸುವ ಡಿಫ್ ತೋರಿಸುತ್ತದೆ. ಯಾಕೆ ಬದಲಾಯಿತೆಂದು ಹೇಳಬೇಕಾದವನು ನಾವು ಕೇಳುವ ಹೊತ್ತಿಗೆ ಬೇರೆ ಕಂಪನಿ ಸೇರಿರುತ್ತಾನೆ. ಒಂದು ಡ್ರೈವರ್‌ನಲ್ಲಿ ‘ಕೆಫ್ರೀ’ (ಮೆಮೊರಿಯ ಬಿಡುಗಡೆ) ಆದ ಮೇಲೆ ಪಾಯಿಂಟರನ್ನು ನಲ್ ಮಾಡುವ ಸಾಲೊಂದು ಸೇರಿತೆನ್ನಿ. ಶೀರ್ಷಿಕೆ ಹೀಗಿರಲಿ: ‘ಯುಎಸ್‌ಬಿ: ಬಫರ್ ಎರಡು ಸಲ ಬಿಡುಗಡೆಯಾಗುವುದನ್ನು ತಪ್ಪಿಸು’. ಒಂದು ಸಾಲು ಖಾಲಿ. ಆಮೇಲೆ ವಿವರ: ಸಾಧನ ಮುಚ್ಚುವಾಗ ಬಫರ್ ಒಮ್ಮೆ ಬಿಡುಗಡೆಯಾಗುತ್ತದೆ, ಕೇಬಲ್ ಕಿತ್ತಾಗ ಡ್ರೈವರ್ ಹಳೇ ಪಾಯಿಂಟರ್ ಹಿಡಿದು ಅದನ್ನೇ ಮತ್ತೆ ಬಿಡುಗಡೆ ಮಾಡುತ್ತದೆ, ಮೆಮೊರಿ ಕೆಟ್ಟು ಯಂತ್ರ ನಿಂತುಹೋಗಬಹುದು. ಕೊನೆಗೆ ‘ಫಿಕ್ಸಸ್’ ಎಂದು ಬರೆದು, ತಪ್ಪು ಹುಟ್ಟಿದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆ. ಶಾಸನದಲ್ಲಿ ಅರಸನ ವಂಶಾವಳಿ, ಇಲ್ಲಿ ದೋಷದ ವಂಶಾವಳಿ.

ಕ್ರಿಯಾಪದ ವಿಧಿರೂಪದಲ್ಲೇ ಇರಬೇಕೆಂಬುದು ಕರ್ನಲ್ ಕೈಪಿಡಿಯ ಕಟ್ಟಪ್ಪಣೆ: ‘ತಪ್ಪಿಸು’; ‘ತಪ್ಪಿಸಲಾಗಿದೆ’ ಕೂಡದು. ಬೈಲಹೊಂಗಲದ ರಿವಾಜಿನಂತೆ ‘ತಪ್ಪಿಸ್ರಿ’ ಎನ್ನಬೇಕಿತ್ತು. ಆದರೆ ಕೋಡ್‌ಗೆ ಬಹುವಚನ ಕೊಟ್ಟರೆ ಅದು ತಲೆ ಮೇಲೆ ಕೂರುತ್ತದೆ. ಶೀರ್ಷಿಕೆಗೆ 75 ಅಕ್ಷರಗಳ ಮಿತಿಯೂ ಉಂಟು. ಇಲ್ಲಿ ಮಾತ್ರ ನಮ್ಮ ಶಾಸನಕವಿಗಳು ನಪಾಸು. ಚಾಲುಕ್ಯ ಚಕ್ರವರ್ತಿಯ ಬಿರುದುಗಳಿಗೇ ಅಷ್ಟು ಸಾಲದು.

‘ಯಾಕೆ’ ಎಂದು ಬರೆದಿಟ್ಟದ್ದಕ್ಕೆ ಹೊಸಗಾಲದ ಉದಾಹರಣೆ ಬೇಕೆಂದರೆ ಸಿರಸಂಗಿಯ ದೇಸಾಯಿ ಲಿಂಗರಾಜರು (1861–1906) ಬರೆದಿಟ್ಟ ಮೃತ್ಯುಪತ್ರ ಇದೆ. ಆಸ್ತಿ ಯಾತಕ್ಕೆಂದು ಅದರಲ್ಲಿ ಸ್ಪಷ್ಟವಿತ್ತು: ಮಕ್ಕಳ ವಿದ್ಯೆಗೆ. ‘ಸಣ್ಣಪುಟ್ಟ ಬದಲಾವಣೆ’ ಎಂದು ಗೀಚಿ ಕೈತೊಳೆದುಕೊಂಡಿದ್ದರೆ ಬೆಳಗಾವಿಯಲ್ಲಿ ಅವರ ಹೆಸರಿನ ಕಾಲೇಜು ಇರುತ್ತಿರಲಿಲ್ಲ.

ಕರ್ನಲ್ ಕೈಪಿಡಿಯಲ್ಲಿ ಒಂದೇ ಒಂದು ಕೊರತೆ: ಶಾಪಾಶಯ. ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲೆಂದು ನಮ್ಮ ಕಲ್ಲುಗಳು ಹೇಳುತ್ತವೆ. ‘ಮೈನರ್ ಫಿಕ್ಸ್’ ಎಂದಷ್ಟೇ ಬರೆಯುವವನಿಗೂ ಅದೇ ಪಾಪ ವಿಧಿಸುವ ಪ್ಯಾಚನ್ನು ಓದುಗರಲ್ಲಿ ಯಾರಾದರೂ ಕೂಡಲೇ ಕಳಿಸಬೇಕಾಗಿ ವಿನಂತಿ. ಯಾಕೆ ಎಂಬುದನ್ನು ಸಂದೇಶದಲ್ಲಿ ಬರೆಯಿರಿ.